ಎಲ್ಲರೂ "ಚೆನ್ನಾಗಿದೆ" ಅಂದ ಆ್ಯಪ್

ಇದನ್ನು ಓದುವಾಗ ಸ್ವಲ್ಪ ಸಿಟ್ಟು ಬಂದರೆ ಬೇಜಾರು ಮಾಡಿಕೊಳ್ಳಬೇಡಿ... ಬರೆಯುವಾಗ ನನಗೂ ಬಂದಿತ್ತು.

ಒಂದು ಯೂನಿವರ್ಸಿಟಿ. ಕಂಪ್ಯೂಟರ್ ಸೈನ್ಸ್‌ನವರೂ ಸಮಾಜಶಾಸ್ತ್ರದವರೂ ಸೇರಿ ಒಂದು ಆ್ಯಪ್ ಮಾಡಿದರು. ಬೀದಿ ದೀಪ ಕೆಟ್ಟರೆ, ಚರಂಡಿ ಕಟ್ಟಿಕೊಂಡರೆ ಮನೆಯಿಂದಲೇ ದೂರು ಕೊಡಬಹುದು!

ವರದಿಯಲ್ಲಿ ಯಾರ ಹೆಸರು ಮೊದಲು ಬರಬೇಕು ಅಂತ ಇಬ್ಬರು ಪ್ರೊಫೆಸರುಗಳು ಜಗಳವಾಡಿದ್ದೇ ಆಡಿದ್ದು. ಬಿಸಿಲಲ್ಲಿ ಒಂದು ಬಡಾವಣೆಯ ಮನೆ ಮನೆ ಅಲೆದವಳು ಮಾತ್ರ ಪಿಎಚ್.ಡಿ. ಹುಡುಗಿ ಸಿಂಚನಾ.

ಹೋದ ಮನೆಯಲ್ಲೆಲ್ಲ ಕಾಫಿ. ಆ್ಯಪ್ ತೋರಿಸಿ "ಹೇಗಿದೆ?" ಅಂದರೆ ಎಲ್ಲರದೂ ಒಂದೇ ಉತ್ತರ... "ತುಂಬಾ ಚೆನ್ನಾಗಿದೆ ಕಣಮ್ಮ!"

ಐದಕ್ಕೆ ಐದು ಸ್ಟಾರ್.

ವರದಿ ನೋಡಿ ಪುರಸಭೆಯವರಿಗೂ ಖುಷಿ. "ಆ್ಯಪ್ ಇದೆಯಲ್ಲ" ಅಂತ ದೂರು ತೆಗೆದುಕೊಳ್ಳುವ ಕೌಂಟರ್‌ಗೆ ಬೀಗ ಹಾಕಿಯೇ ಬಿಟ್ಟರು.

ಆಮೇಲೆ... ಆ ಬಡಾವಣೆಯಿಂದ ಒಂದೇ ಒಂದು ದೂರು ಬರಲಿಲ್ಲ.

ಸಿಂಚನಾಗೆ ತಲೆ ಕೆಟ್ಟುಹೋಯಿತು. ಬಟನ್ ಬಣ್ಣ ಬದಲಿಸಿದಳು, ಅಕ್ಷರ ದೊಡ್ಡದು ಮಾಡಿದಳು. ಊಹುಂ.

"ಜನ ಸೋಮಾರಿಗಳು" ಅಂದರು ಒಬ್ಬ ಪ್ರೊಫೆಸರ್. "ಹೌದು ಹೌದು" ಅಂದರು ಇನ್ನೊಬ್ಬರು. ಇದೊಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ನೋಡಿ!

ಅವಳು ಸಿಟ್ಟಿನಲ್ಲೇ ಮತ್ತೆ ಬಡಾವಣೆಗೆ ಹೋದಳು.

ಮೊದಲನೇ ಮನೆ ಜವರಮ್ಮ ಅನ್ನುವ ಅಜ್ಜಿಯದು. ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಮನೆ ಮುಂದಿನ ಚರಂಡಿಯ ಚಪ್ಪಡಿ ಮುರಿದಿತ್ತು... ಅಜ್ಜಿ ಅದರೊಳಗೆ ಬಿದ್ದಿದ್ದರು.

"ದೂರು ಕೊಡೋಕೆ ಏನಾಗಿತ್ತಜ್ಜಿ?" ಅವಳ ದನಿ ಏರಿತು.

"ಬೀಳೋಕ್ ಮುಂಚೇನೇ ಆಫೀಸ್‌ಗೆ ಹೋಗಿದ್ದೆ ಕಣವ್ವ. ಕೌಂಟರ್‌ಗೆ ಬೀಗ. ಆ್ಯಪ್‌ನಲ್ಲಿ ಹಾಕು ಅಂದ್ರು."

"ಮತ್ತೆ ಹಾಕಬೇಕಿತ್ತು ತಾನೇ?"

"ಅದ್ಯಾವ್ದೋ ಮ್ಯಾಪ್ ಬತ್ತದೆ, ನಿಮ್ಮನೆ ಎಲ್ಲೈತೆ ಒತ್ತು ಅಂತದೆ. ನಂಗೊಂದೂ ತಿಳೀಲಿಲ್ಲ. ಅವತ್ತು ನೀನ್ ತೋರ್ಸಿದಾಗ್ಲೂ ತಿಳೀಲಿಲ್ಲ."

"ಅವತ್ತು ಚೆನ್ನಾಗಿದೆ ಅಂದ್ರಲ್ಲ ಅಜ್ಜಿ!"

ಜವರಮ್ಮ ಅವಳ ಕೈ ಹಿಡಿದುಕೊಂಡರು.

"ನೀನು ಬೆವರು ಸುರಿಸ್ಕೊಂಡು ಬಂದಿದ್ದೆ... ಎಷ್ಟು ಆಸೆಯಿಂದ ತೋರಿಸ್ತಿದ್ದೆ. ಮನೆಗೆ ಬಂದ ಮಗೀಗೆ ಚೆನ್ನಾಗಿಲ್ಲ ಅಂತ ಹೆಂಗವ್ವ ಹೇಳದು?"

ಸಿಂಚನಾಳ ಅಮ್ಮನೂ ಬೀಗರ ಮನೆಯ ಉಪ್ಪಿಲ್ಲದ ಸಾರನ್ನು ಎರಡು ಸಲ ಹಾಕಿಸಿಕೊಂಡು "ಚೆನ್ನಾಗಿದೆ" ಅನ್ನುವವಳೇ. ಇದೆಲ್ಲ ಗೊತ್ತಿದ್ದೂ ಸರ್ವೆ ಮಾಡುವಾಗ ಹೊಳೆಯಲೇ ಇಲ್ಲವಲ್ಲ... ಅವಳು ಅತ್ತುಬಿಟ್ಟಳು.

"ಅಳಬ್ಯಾಡ ಸುಮ್ಕಿರು. ಕಾಫಿ ಮಾಡ್ಸ್ತೀನಿ."

"ಕಾಫಿ ಬೇಡಜ್ಜಿ. ಇವತ್ತು ಬೈಯಿರಿ. ಎಲ್ಲೆಲ್ಲಿ ತಿಳೀಲಿಲ್ಲವೋ ಅಲ್ಲೆಲ್ಲ ಬೈಯಿರಿ."

ಅಜ್ಜಿ ಮೊದಲು ನಾಚಿಕೊಂಡರು. ಆಮೇಲೆ ಬೈದರು ನೋಡಿ... ಅಕ್ಕಪಕ್ಕದವರೂ ಬಂದು ಸೇರಿಕೊಂಡರು!

ಆಮೇಲೆ ಪುರಸಭೆಯಲ್ಲಿ ಸಿಂಚನಾ ಎಲ್ಲರೆದುರು ಒಪ್ಪಿಕೊಂಡಳು: "ಆ ಸ್ಟಾರ್ ಕೊಟ್ಟಿದ್ದು ಆ್ಯಪ್‌ಗಲ್ಲ, ಮನೆಗೆ ಬಂದ ಅತಿಥಿಗೆ. ನನ್ನ ಸರ್ವೆ ತಪ್ಪು. ಕೌಂಟರ್‌ನ ಬೀಗ ತೆಗೆಯಿರಿ." ಪ್ರೊಫೆಸರುಗಳು ಇಬ್ಬರೂ ಮುಖ ಊದಿಸಿಕೊಂಡರು. ಅವಳು ಪುರಸಭೆಗೆ ಅಲೆದೂ ಅಲೆದೂ ಕೊನೆಗೆ ಬೀಗ ತೆಗೆಸಿದಳು.

ಈಗ ಹೊಸ ಚಪ್ಪಡಿ ಬಂದಿದೆ. ಜವರಮ್ಮ ಮಾತ್ರ ಇವತ್ತಿಗೂ ಕುಂಟುತ್ತಲೇ ಅದನ್ನು ದಾಟುತ್ತಾರೆ.

ಮುಖ ನೋಡಿ ಹೇಳಿದ "ಚೆನ್ನಾಗಿದೆ"ಯನ್ನು ನಂಬಿ ಯಾವ ಕೌಂಟರ್‌ಗೂ ಬೀಗ ಹಾಕಬೇಡಿ, ಯಾರ ಬಾಯಿಗೂ ಹಾಕಬೇಡಿ.

ನಿಮ್ಮ ಎದುರು ಕೂತು "ಇದು ಚೆನ್ನಾಗಿಲ್ಲ" ಅನ್ನುವಷ್ಟು ಸಲುಗೆಯನ್ನು ನೀವು ಯಾರಿಗಾದರೂ ಕೊಟ್ಟಿದ್ದೀರಾ...?