ಕಟ್ಟೆ ಕೊಟ್ಟ ಹೇಳಿಕೆ

ಕೆರೆಕಟ್ಟೆಗಳಿಗೆ ಮಾತು ಬಂದಮೇಲೆ ತಪಾಸಣೆ ಸಲೀಸಾಗಿತ್ತು. ಕೇಳುವುದು, ಅದು ಹೇಳಿದ್ದನ್ನು ಬರೆದುಕೊಳ್ಳುವುದು, ಅಷ್ಟೇ.

ಹೋದ ಮಳೆಗಾಲದಲ್ಲಿ ರೆಸಾರ್ಟಿನ ಬೋಟಿಂಗ್ ಕೆರೆಯ ಕಟ್ಟೆ "ಸೋರ್ತಿದೀನಿ" ಅಂದಿತ್ತು. ಬಿರುಕಿಗೆ ಮೆತ್ತಬೇಕಾದ ಸಿಮೆಂಟನ್ನು ಮಾಲೀಕ ಶಾಂತರಾಜೇಗೌಡ ಅದರ ಬಾಯಿಗೇ ಮೆತ್ತಿಸಿದ್ದ. ಆಮೇಲೆ ಕೆಳಗಿನ ಕೇರಿಗೆ ನುಗ್ಗಿದ ನೀರಲ್ಲಿ ತಪಾಸಣೆ ಮಾಡುವ ಪುಟ್ಟಲಿಂಗಮ್ಮನ ತಮ್ಮ ಕೊಚ್ಚಿಹೋದ. "ಅವನ ಹಣೆಬರಹ," ಅಂದಿದ್ದ ಗೌಡ.

ಈ ಸಲ ಪುಟ್ಟಲಿಂಗಮ್ಮ ಆ ಸಿಮೆಂಟನ್ನು ಉಳಿಯಿಂದ ಕಿತ್ತು, ವಾಡಿಕೆಯಂತೆ ಕಲ್ಲಿಗೆ ಅರಿಶಿನ ಕುಂಕುಮವಿಟ್ಟು ಕೇಳಿದಳು, "ಹೆಂಗಿದೀಯವ್ವ?"

"ಬುಡ ಸಡ್ಲ ಆಗದೆ. ಇನ್ನೊಂದ್ ಮಳೆ ತಡೆಯಕ್ಕಿಲ್ಲ," ಅಂತು ಕಟ್ಟೆ. "ಕೆಳಗೆ ಯಾರ್ಯಾರವ್ರೆ?"

"ನಮ್ಮ ಕೇರಿಯೋರೆಲ್ಲ ದಿಬ್ಬ ಹತ್ತವ್ರೆ. ಕೆಳಗೆ ಕೇರಿ ಇದ್ದ ಜಾಗದಲ್ಲಿ ಗೌಡ ಬಂಗಲೆ ಕಟ್ಕೊಂಡು ಒಬ್ನೇ ಅವ್ನೆ."



"ಹಂಗಾದ್ರೆ ಗಟ್ಟಿಯಾಗಿದೀನಿ ಅಂತ ಬರ್ಕೊಳವ್ವ."

ಪುಟ್ಟಲಿಂಗಮ್ಮ ಬರೆದುಕೊಂಡಳು.