ಎಳೆಗ್ರಹಕ್ಕೆ ಇಟ್ಟ ಬೊಟ್ಟು

ಎಳೆಯ ಗ್ರಹವೊಂದು ಪರದೆಯ ಮೇಲೆ ನಿಂಬೆಹಣ್ಣಿನಷ್ಟು ಉಬ್ಬಿ ಕಂಡ ದಿನ, ನಮ್ಮ ಹಡಗಿನ ಪದ್ಧತಿಯಂತೆ ಅದರ ನಟ್ಟನಡುವೆ ನಾನೇ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟೆ. ಆಮೇಲೆ ಅದು ತಣಿದು ಬಾಳಲು ತಕ್ಕುದಾಗಲೆಂದು ಎಲ್ಲರೂ ಕೋಟಿಗಟ್ಟಲೆ ವರ್ಷಗಳ ನಿದ್ದೆಗೆ ಹೋದೆವು. ಮೊಮ್ಮಗಳು ಚಂಪವ್ವ ಬಸುರಿಯಾಗಿಯೇ ಮಲಗಿದ್ದಳು.

ಎದ್ದಾಗ ಅವಳು ಪರದೆಯ ಮುಂದೆ ಅಳುತ್ತಿದ್ದಳು.

"ಆಯಿ, ಗ್ರಹಾನ ಇಲ್ಲ. ಅದರ ಸೂರ್ಯ ನುಂಗ್ಯಾನ. ಕೂಸಿನ್ನ ಎಲ್ಲಿ ಹಡೀಲಿ?"

ಆ ಸೂರ್ಯನೂ ಆಗ ಹರೆಯದವನು, ಸಿಟ್ಟಿನವನು. ನುಂಗಿದರೂ ನುಂಗಿಯಾನು ಎನಿಸಿತು. ಇಲ್ಲದ ಗ್ರಹಕ್ಕೆ ಬೊಟ್ಟು ಯಾಕೆಂದು ಪರದೆಯನ್ನು ಸೆರಗಿನಿಂದ ಒರೆಸಿದೆ.

ಬೊಟ್ಟಿನ ಹಿಂದೆಯೇ ಗ್ರಹವಿತ್ತು. ಹುಟ್ಟಿನ ಬಾವು ಇಳಿದು ಪುಟ್ಟದಾಗಿ, ಗಟ್ಟಿಯಾಗಿತ್ತು. ಸುತ್ತಲೂ ತೆಳು ನೀಲಿ ಅಂಚು.

"ನಿನ್ನ ಬೊಟ್ಟ ಅದನ್ನ ನುಂಗಿತ್ತಲ್ಲ, ಮುದುಕಿ."

ಅವಳ ನಗು ಅರ್ಧಕ್ಕೇ ನಿಂತಿತು. ನೀಲಿಯ ಮೇಲೆ ಮೋಡವೊಂದು ಸರಿಯುತ್ತಿತ್ತು.

"ಅಲ್ಲಿ ಮಳಿ ಬರಾಕತ್ತೈತಿ, ಆಯಿ," ಎಂದಳು ಮೆಲ್ಲಗೆ.