ಎದೆ ಜೇಬು

ಐದು ವರ್ಷದ ಹಿಂದೆ ಪದ್ಮಿನಿಯನ್ನು ನೋಡಲು ಬಂದು, ಎರಡೆರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದು, "ಬೀಡಿ ಅಂಗಡಿಯವನ ಮಗಳು ನಮಗೆ ಬೇಡ" ಎಂದು ಎದ್ದುಹೋದವನು ಈಗ ಅವಳ ಅಂಗಡಿಗೇ ಬಂದಿದ್ದ. ಅವಳಿಗೆ ಗುರುತು ಹತ್ತಿತು, ಅವನಿಗೆ ಹತ್ತಲಿಲ್ಲ.

"ಹೊಗೆಸೊಪ್ಪು ಕಾಯಿಸಿ ಸೇದೋ ವೇಪರೈಸರ್ ಕೊಡಿ ಮೇಡಂ. ನಾಳೆ ನನ್ನ ನಿಶ್ಚಿತಾರ್ಥ. ಹೆಣ್ಣಿನ ಕಡೆಯವರಿಗೆ ನಾನು ಸೇದೋದು ಗೊತ್ತಾಗಬಾರದು."

"ನಿಮ್ಮ ಅಭ್ಯಾಸ ಹೇಗೆ ಸಾರ್? ಎಲ್ಲಿಟ್ಕೋತೀರಾ?"

"ಸದಾ ಸೊಪ್ಪು ತುಂಬಿ, ಜುಬ್ಬಾದ ಎದೆ ಜೇಬಲ್ಲಿ."

"ನಾಳೆ ಹಿರಿಯರಿಗೆಲ್ಲ ಅಡ್ಡಬೀಳ್ಬೇಕಲ್ವಾ?"

"ಅಯ್ಯೋ, ಹದಿನಾಲ್ಕು ಜನಕ್ಕೆ! ಉದ್ದಕ್ಕೆ ಬೋರಲು ಮಲಗಬೇಕು."

ಪದ್ಮಿನಿ ಗುಂಡಿಗೆ ಲಾಕ್ ಇರುವ ವೇಪರೈಸರನ್ನು ಒಳಗಿಟ್ಟಳು. ಗುಂಡಿ ಒಂಚೂರು ಅದುಮಿದರೂ ಕಾದು ಘಾಟು ಕಾರುವುದನ್ನು ತೆಗೆದು ಅವನ ಕೈಗಿತ್ತಳು.

"ಎದೆ ಜೇಬಲ್ಲೇ ಇಟ್ಕೊಳ್ಳಿ ಸಾರ್."